ಅತ್ತೆಯ ಪದರ

ಕೆಂಪು ದೂಳಿನ ಆ ಊರಲ್ಲಿ ಹುಟ್ಟಿದ ಕೂಸುಗಳಿಗೆ ಉಸಿರುನಾಳದ ಒಳಪದರ ತಾನಾಗಿ ಬಲಿಯುತ್ತಿರಲಿಲ್ಲ. ಮೂರನೆಯ ದಿನ ಮನೆಯ ಹಿರಿಯರೊಬ್ಬರ ಗಂಟಲಿನಿಂದ ಒಂದಿಷ್ಟು ಪದರ ಕೆರೆದು ಕೂಸಿನೊಳಗೆ ನಾಟುತ್ತಿದ್ದರು. ಹುಲಿಗೆಮ್ಮನ ಮಗಳಿಗೆ, ಎಂದೂ ಸೊಸೆಗೆ ಒಂದು ಲೋಟ ಮಜ್ಜಿಗೆ ಕೊಡದ ಅತ್ತೆ ಗೌರವ್ವನೇ ಮುಂದೆ ಬಂದು ಕೊಟ್ಟಿದ್ದಳು. ಕೊಟ್ಟ ವಾರದಲ್ಲೇ ತೀರಿಕೊಂಡಳು.

ಇಪ್ಪತ್ತೊಂದನೆಯ ದಿನ ನರ್ಸ್ ಬಂದು ಕೂಸಿನ ಎದೆಗೆ ಕಿವಿಯಿಟ್ಟಳು.

"ಪದರ ಚೊಲೊ ಬಲತೈತಿ ನೋಡವ್ವ. ಇನ್ನ ಕೂಸಿನ್ನ ಹೊರಗ ಒಯ್ಯಬಹುದು."

ನರ್ಸ್ ಹೋದ ಮೇಲೆ ಹುಲಿಗೆಮ್ಮ ದೂಳು ಒಳಬರದಂತೆ ಬಾಗಿಲಿಗೆ ಕಟ್ಟಿದ್ದ ಒದ್ದೆ ಬಟ್ಟೆ ಬಿಚ್ಚತೊಡಗಿದಳು. ಹಿಂದೆ, ತೊಟ್ಟಿಲಲ್ಲಿ, ಗಂಟಲು ಸರಿಮಾಡಿಕೊಂಡ ಸದ್ದು ಎರಡು ಸಲ ಕೇಳಿತು. ಅಡುಗೆಮನೆಗೆ ಬರುವ ಮುಂಚೆ ಗೌರವ್ವ ಮಾಡುತ್ತಿದ್ದುದು ಹಾಗೆಯೇ.

ಹುಲಿಗೆಮ್ಮ ತಿರುಗಿ ನೋಡುವ ಮೊದಲೇ ಅವಳ ಕೈ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತ್ತು.