ಬೇರೆ ಅರ್ಥ

ಜೀಪಿನ ಹೊಟ್ಟೆಯ ಕೆಳಗೆ ನಡೆದದ್ದನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಇರಲಿ. ಎಣ್ಣೆ, ತಂತಿ, ಬೋಲ್ಟು ಬಿಟ್ಟರೆ ಇದರಲ್ಲಿ ಹೆಚ್ಚೇನೂ ಇಲ್ಲ. ಆದರೆ ಒಬ್ಬಾಕೆಯ ಮಾತನ್ನು ಯಾರೂ ನಂಬುತ್ತಿರಲಿಲ್ಲ.

“ಗೇರಲ್ಲೇ ನಿಲ್ಲಿಸಿದ್ದೆ ಅಂತ ಎಷ್ಟು ಸಲ ಹೇಳ್ಲಿ?” ನರ್ಸಕ್ಕ ಗ್ಯಾರೇಜಿನ ಬಾಗಿಲಲ್ಲೇ ನಿಂತು ಕೇಳಿದರು. ಹಿಂದಿನ ದಿನ ಅವರು ಗುಡ್ಡದ ಮೇಲಿನ ಕ್ವಾರಿ ಕಾಲೊನಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಾಗ, ನಿಲ್ಲಿಸಿದ್ದ ಜೀಪು ಯಾರೂ ಮುಟ್ಟದೆ ಇಳಿಜಾರಿನಲ್ಲಿ ಉರುಳಿ, ಸಾಲು ನಿಂತಿದ್ದ ತಾಯಂದಿರನ್ನು ಸವರಿಕೊಂಡೇ ಹೋಗಿ ಗೋಡೆಗೆ ಗುದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಇವತ್ತು ಅದೇ ಜೀಪಿನಲ್ಲಿ ಅದೇ ಗುಡ್ಡದಿಂದ ದಿನ ತುಂಬಿದ ಬಸುರಿಯೊಬ್ಬಳನ್ನು ಕೆಳಗಿಳಿಸಬೇಕು. ಆ ದಾರಿ ಹತ್ತುವ ಗಾಡಿ ಬೇರೆ ಇರಲಿಲ್ಲ.

ಜೀಪನ್ನು ಎತ್ತರಿಸಿ, ದೊಡ್ಡ ಚಕ್ರ ಕೂರಿಸಿ, ಬೇರೊಂದು ಗಾಡಿಯ ಟ್ರಾನ್ಸ್‌ಫರ್ ಕೇಸ್ ತಂದು ಹಾಕಿದವನು ಗ್ಯಾರೇಜು ನಡೆಸುವ ಅಣ್ಣತಂಗಿಯರಲ್ಲಿ ಅಣ್ಣ. ಇಂಜಿನ್ನಿನ ಬಲವನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಆ ಕೇಸಿಗೆ ಲಿವರ್ ಇಲ್ಲ, ಗುಂಡಿ. ಒತ್ತಿದರೆ ಪುಟ್ಟ ಮೋಟಾರೊಂದು ಒಳಗಿನ ಗೇರು ಬದಲಿಸುತ್ತದೆ. ಅದರ ವೈರಿಂಗ್ ತಂಗಿಯದು. ಅವಳು ಸಂಜೆ ಕ್ಲಾಸಿನಲ್ಲಿ ಕಲಿತವಳು, ಮುಗಿಸಿದ ಕೆಲಸವನ್ನು ಮನೆಗೆ ಹೋಗಿ ಮನಸ್ಸಿನಲ್ಲೇ ಮತ್ತೆ ಬಿಚ್ಚಿ ಜೋಡಿಸುವವಳು. “ಈ ಚಕ್ರಕ್ಕೆ ಹ್ಯಾಂಡ್ ಬ್ರೇಕ್ ಸಾಲದು, ಗೇರಲ್ಲೇ ನಿಲ್ಲಿಸಿ” ಎಂದು ನರ್ಸಕ್ಕನಿಗೆ ಹೇಳಿಕೊಟ್ಟವಳೂ ಅವಳೇ. ಕೇಸು ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ, ಯಾವ ಗೇರು ಹಾಕಿದ್ದರೂ ಚಕ್ರವನ್ನು ಹಿಡಿಯುವವರಿಲ್ಲ. ಇದು ಹೊಳೆದದ್ದೇ ಅವಳು ಮೀಟರ್ ಕೈಗೆತ್ತಿಕೊಂಡಿದ್ದಳು.

ಅಣ್ಣ ಜೀಪಿನಡಿಯಿಂದ ತೆವಳಿಕೊಂಡು ಹೊರಬಂದ. “ಗೇರಿನ ಹಲ್ಲು ಚೆನ್ನಾಗಿವೆ, ಚೈನು ಚೆನ್ನಾಗಿದೆ. ನನ್ನ ಕಡೆ ಏನಿಲ್ಲ. ನಿನ್ನ ಕಡೆ?”

“ಕರೆಂಟು ಸರಿಯಿದೆ. ಗುಂಡೀನೂ ಸರಿಯಿದೆ. ಆದ್ರೂ...”

“ಆದ್ರೂ ಏನು? ಕ್ಲಾಸಿಗೆ ಹೋಗಿ ಕಲ್ತಿದ್ದು ಮೀಟರ್ ಹಿಡ್ಕೊಂಡು ನಿಟ್ಟುಸಿರು ಬಿಡೋದಾ?” ಆಮೇಲೆ ದನಿ ತಗ್ಗಿಸಿದ. “ಅಕ್ಕ ಮರ್ತಿರ್ತಾರೆ ಕಣೇ. ಮನುಷ್ಯರಲ್ವಾ?”

ನರ್ಸಕ್ಕನಿಗೆ ಕೇಳಿಸಿಯೇಬಿಟ್ಟಿತು. “ಸೂಜಿ ಚುಚ್ಚೋದು ಯಾವತ್ತಾದ್ರೂ ಮರ್ತಿದೀನಾ? ನಿನ್ನ ಸೊಂಟಾನೇ ಕೇಳಪ್ಪ.”

ತಂಗಿ ನಗಲಿಲ್ಲ. “ಅಕ್ಕಾ, ನಾವು ಹಾಕಿದ್ದು ಬಿಟ್ಟು ಗಾಡಿಗೆ ಬೇರೆ ಯಾರಾದ್ರೂ ಏನಾದ್ರೂ ಹಾಕಿದ್ರಾ?”

“ಲಸಿಕೆ ಫ್ರಿಜ್ ಕೂರಿಸಿದ್ರು, ಹೋದ ವಾರ. ಗೋಡೆಗೆ ಗುದ್ದಿದ ಮೇಲೆ ಬಿಚ್ಚಿ ಆಸ್ಪತ್ರೇಲಿಟ್ಟಿದೀನಿ.” ನರ್ಸಕ್ಕನ ಮುಖ ಬಿಗಿಯಿತು. “ಕೂರಿಸೋಕೆ ಬಂದ ಆ ಮನುಷ್ಯನ ಸುದ್ದಿ ಬೇಡ ಬಿಡಮ್ಮ.”

“ಯಾಕಕ್ಕಾ?”

“ನಾನೊಬ್ಬಳೇ ಇದ್ದೆ. ಸೀಟಿನ ಕೆಳಗೆ ಕೈಯಿಟ್ಟು, ನನ್ನ ಮುಖ ನೋಡಿ, ‘ಬೇರೆ ಅರ್ಥ ಬೇಡ ಮೇಡಂ, ಇರೋದೇ ಸಾಕು’ ಅಂದ. ಏನು ಮಾತು ಅದು? ಚೆನ್ನಾಗಿ ಬೈದು ಕಳಿಸ್ದೆ. ಇದನ್ನೆಲ್ಲ ಯಾರ ಹತ್ರ ಹೇಳ್ಕೊಳ್ಳೋದು?”

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಅಣ್ಣ ಟೈರಿನ ಮೇಲೆ ಕುಕ್ಕರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಪಾಪ! ಅಕ್ಕಾ, ಅವನು ಹೇಳಿದ್ದು ಅರ್ಥ್! ವೈರಿನ ಅರ್ಥ್! ಒಂದು ತಂತಿ ದೆಸೆಯಿಂದ ಬೈಸ್ಕೊಂಡು ಹೋದ್ನಲ್ಲ!”

ತಂಗಿ ಆಗಲೇ ಸೀಟಿನ ಕೆಳಗೆ ತಲೆ ತೂರಿಸಿದ್ದಳು. ಕರೆಂಟು ವಾಪಸ್ಸು ಹೋಗಲು ಗಾಡಿಯ ಮೈಗೆ ಬಿಗಿಯುವ ತಂತಿಗೆ ಗ್ಯಾರೇಜಿನವರು ಅರ್ಥ್ ಅನ್ನುತ್ತಾರೆ. ಫ್ರಿಜ್ಜಿಗೆ ಬೇರೆ ಅರ್ಥ್ ಎಳೆಯುವ ಬದಲು, ಅವನು ಅದರ ತಂತಿಯನ್ನು ಕೇಸಿನ ಮೋಟಾರಿನ ಅರ್ಥ್ ಬೋಲ್ಟಿಗೇ ನೇತುಹಾಕಿದ್ದ. ಬೋಲ್ಟಿನ ಸುತ್ತ ಗಾಡಿಯ ಪೇಂಟು ಇನ್ನೂ ಹಾಗೇ ಇತ್ತು. ಅದು ತಡೆದಾಗ ಫ್ರಿಜ್ಜಿನ ಕರೆಂಟು ಗಾಡಿಯ ಮೈಗಿಳಿಯದೆ ಮೋಟಾರಿಗೇ ನುಗ್ಗಿ ಕೇಸನ್ನು ಜಾರಿಸಿರಬೇಕು. ಕೆರೆದು ಬಿಗಿಯಬೇಕಾಗಿದ್ದವಳು ತಾನು.

ಆಸ್ಪತ್ರೆಯಿಂದ ಫ್ರಿಜ್ ತರಿಸಿ ಮೊದಲಿದ್ದಂತೆಯೇ ಜೋಡಿಸಿದರು. ನರ್ಸಕ್ಕ ಜೀಪು ಹತ್ತಿ ಗೇರು ಹಾಕಿ ಕೂತರು. ಅಣ್ಣ ಹಿಂದಿನಿಂದ ದಬ್ಬಿದ. ಜೀಪು ಬಂಡೆಯ ಹಾಗೆ ನಿಂತಿತ್ತು. ಫ್ರಿಜ್ ಗುಂಯ್‌ಗುಟ್ಟಿತು, ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಏನೂ ಇಲ್ಲ. ದಬ್ಬಿ ದಬ್ಬಿ ಅಣ್ಣನಿಗೆ ಉಬ್ಬಸ ಬಂತು. ಅಷ್ಟರಲ್ಲಿ ಜೀಪಿನ ನೆಲದಡಿಯಲ್ಲಿ ‘ಟಕ್’ ಅಂದಿತು. ಜೀಪು ಮುಂದಕ್ಕೆ ಉರುಳಿತು, ಅಣ್ಣ ಮುಗ್ಗರಿಸಿ ಬಿದ್ದ.

ನರ್ಸಕ್ಕ ಗೇರಿನ ಹಿಡಿ ಬಿಟ್ಟಿರಲಿಲ್ಲ. “ನೋಡಿ,” ಎಂದರು. “ಗೇರಲ್ಲೇ ಇದೆ.”

ಆಮೇಲೆ ಎಷ್ಟು ಕಾದರೂ ಆ ‘ಟಕ್’ ಮತ್ತೆ ಬರಲಿಲ್ಲ. ತಂಗಿಗೆ ಅದೇ ಭಯ. ಪದೇ ಪದೇ ಬಂದಿದ್ದರೆ, ರಿಪೇರಿಯಿಂದಲೇ ಅದು ನಿಂತಿತೆಂದು ಧೈರ್ಯವಾಗಿ ಹೇಳಬಹುದಿತ್ತು. ಮೋಟಾರಿನ ವೈರನ್ನೇ ಕೀಳೋಣವೆಂದರೆ ಗುಡ್ಡಕ್ಕೊಂದು ಗೇರು ಬೇಕು, ರಸ್ತೆಗೊಂದು, ಮೋಟಾರಿಲ್ಲದೆ ಅದು ಬದಲಾಗದು. ಅವಳು ಪೇಂಟು ಕೆರೆದಳು, ಬೋಲ್ಟು ಬಿಗಿದಳು, ಫ್ರಿಜ್ಜಿಗೆ ಬೇರೆ ಅರ್ಥ್ ಎಳೆದಳು. ಸಾಲದೆಂದು ಫ್ರಿಜ್ಜನ್ನೇ ಕೆಳಗಿಳಿಸಿದಳು. ಅಷ್ಟು ಹೊತ್ತಿಗೆ ಗುಡ್ಡದಿಂದ ಫೋನು: ನೋವು ಶುರುವಾಗಿದೆ.

“ಹೋಗ್ಲೇನಮ್ಮ?” ನರ್ಸಕ್ಕ ಕೇಳಿದರು.

ತಂಗಿ ಮೂಲೆಯಲ್ಲಿದ್ದ ಬಾಚಿಯಿಂದ ಮರದ ತುಂಡೊಂದನ್ನು ಓರೆಯಾಗಿ ಕೆತ್ತಿ, ಚಕ್ರಕ್ಕೆ ಒತ್ತಿಡುವಂತೆ ಮಾಡಿ ಅವರ ಮಡಿಲಿಗಿಟ್ಟಳು.

“ಇದ್ಯಾಕೆ? ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?”

“ಬೇರೆ ಅರ್ಥ ಬೇಡ ಅಕ್ಕಾ. ಇರ್ಲಿ.”

ಕತ್ತಲಾಗುವ ಮುಂಚೆ ಜೀಪು ಬಸುರಿಯನ್ನು ಆಸ್ಪತ್ರೆಯಲ್ಲಿ ಇಳಿಸಿ ಗ್ಯಾರೇಜಿಗೆ ಬಂತು. ತಂಗಿ ಮೊದಲು ಕೈಗೆತ್ತಿಕೊಂಡದ್ದು ಆ ಮರದ ತುಂಡನ್ನು. ಓರೆಯ ಮೇಲೆ ಟೈರಿನ ಹಸಿ ಅಚ್ಚು ಮೂಡಿತ್ತು. ಗುಡ್ಡದಲ್ಲಿ ಜೀಪು ಅದಕ್ಕೆ ಸುಮ್ಮನೆ ತಾಗಿ ನಿಂತಿತ್ತೋ, ಉರುಳಲು ಹೊರಟು ಅದಕ್ಕೆ ಒರಗಿತ್ತೋ, ಗೊತ್ತಿಲ್ಲ.