ಕೆಂಪು ದಾರದ ಕೊಂಬೆ

ಒಗ್ಗರಣೆಗೆ ಕರಿಬೇವು ಬಿದ್ದ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಅಮೃತೂರಿನ ನಮ್ಮ ಹಿತ್ತಿಲಲ್ಲಿ ತಂಗಿ ಚಿಟ್ಟೆ ಸಾಕುತ್ತಿದ್ದಳು. ಕರಿಬೇವಿನ ಗಿಡದ ಒಂದು ಕೊಂಬೆಗೆ ಕೆಂಪು ದಾರ ಕಟ್ಟಿ, ಅದರ ಎಲೆ ಯಾರೂ ಕೀಳಬಾರದು ಅಂದಿದ್ದಳು. ಅಲ್ಲೇ ಎಲೆ ತಿಂದು ಬೆಳೆದ ಹುಳು ಈಗ ಎಲೆಯಷ್ಟೇ ಹಸಿರಾದ ಗೂಡಾಗಿ ಕಡ್ಡಿಗೆ ಅಂಟಿಕೊಂಡಿತ್ತು. ಚಿಟ್ಟೆ ಹೊರಬಂದರೆ ಸ್ಕೂಲಿಗೆ ತಂದು ತೋರಿಸು ಅಂತ ಮೇಷ್ಟ್ರು ಹೇಳಿದ್ದರು.

ನಾನು ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. "ಅವಳ್ನ ನೋಡಿ ಕಲೀಲಾ, ದಂಡಪಿಂಡ," ಅಂತ ಅಪ್ಪ ಆ ಮಧ್ಯಾಹ್ನ ಎಲ್ಲರೆದುರು ಅಂದರು.

ಒಳಗಿಂದ ಅಮ್ಮ ಕೂಗಿದಳು: "ಎಣ್ಣೆ ಕಾದೈತೆ, ಕರಿಬೇವು ತಗೊಂಡ್ ಬಾರ್ಲಾ!"

ನಾನು ದಾರದ ಕೊಂಬೆಯನ್ನೇ ಮುರಿದೆ. ದಾರ ಬಿಚ್ಚಿ ಜೇಬಿಗಿಟ್ಟುಕೊಂಡೆ. ಗೂಡಿದ್ದ ಕಡ್ಡಿಯನ್ನು ಎಲೆಗಳ ಸಮೇತ ನಾನೇ ಬಾಣಲೆಗೆ ಹಾಕಿದೆ. ಅದು ಚಟ್ಟನೆ ಸಿಡಿದು, ಎಣ್ಣೆಯ ಮೇಲೆ ಹಸಿರು ನೊರೆ ಎದ್ದಿತು.

"ಕಡ್ಡಿ ಸಮೇತ ಹಾಕ್ತಾರೇನ್ಲಾ?" ಅಂತ ಅಮ್ಮ ಸೌಟಿನಲ್ಲಿ ಎತ್ತಿದಾಗ ತಂಗಿ ನೋಡಿಬಿಟ್ಟಳು. ಅವಳ ಅಳು ಕೇಳಿ ಅಪ್ಪ ನನ್ನ ಮೇಲೆ ಕೈ ಎತ್ತಿದರು. ಅವಳೇ ಅಡ್ಡ ಬಂದಳು.

"ಹೊಡೀಬ್ಯಾಡಪ್ಪಾ. ದಾರ ಎಲ್ಲೋ ಬಿದ್ದೋಗೈತೆ. ಅಣ್ಣಂಗೆ ಗೊತ್ತಾಗಿಲ್ಲ."

ಜೇಬಿನೊಳಗೆ ದಾರವನ್ನು ಬಿಗಿಯಾಗಿ ಹಿಡಿದುಕೊಂಡು, "ಹೂಂ, ದಾರ ಇರ್ಲೇ ಇಲ್ಲ ಕಣಪ್ಪಾ," ಅಂದೆ.