ರೆಪ್‌ಗಳ ಬೆಂಚಿನಲ್ಲಿ ಕೂತ ಪೇಷಂಟ್

ಓದಿ ಸಿಟ್ಟು ಬಂದರೆ ಬರಲಿ... ನನಗೂ ಬಂದಿತ್ತು. ಅದಕ್ಕೇ ನಿಮಗೂ ಕಳಿಸುತ್ತಿದ್ದೇನೆ.

ತುಮಕೂರಿನ ನಾಗಭೂಷಣ ಒಂದು ಔಷಧಿ ಕಂಪನಿಯ ರೆಪ್. ಟೈ ಕಟ್ಟಿಕೊಂಡು, ಭಾರದ ಬ್ಯಾಗ್ ಹೊತ್ತು, ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆದು, ನಮ್ಮ ಮಾತ್ರೆ ಬರೆಯಿರಿ ಸರ್ ಎಂದು ಡಾಕ್ಟರುಗಳನ್ನು ಕೇಳಿಕೊಳ್ಳುವ ಕೆಲಸ.

ಅವನ ಬ್ಯಾಗಿನ ತುಂಬ ಬಿಪಿ ಮಾತ್ರೆ, ಹೃದಯದ ಮಾತ್ರೆ. ಆದರೆ ಆ ಪುಣ್ಯಾತ್ಮ ತನ್ನ ಬಿಪಿ ಎಷ್ಟಿದೆ ಎಂದು ಒಂದು ದಿನವೂ ನೋಡಿಸಿದವನಲ್ಲ.

ಹೆಂಡತಿ ಶೈಲಜಾ ಹೇಳಿ ಹೇಳಿ ಸೋತಿದ್ದಳು. ಈ ತಿಂಗಳ ಟಾರ್ಗೆಟ್ ಮುಗಿಯಲಿ, ಆಮೇಲೆ ತೋರಿಸುತ್ತೇನೆ ಎನ್ನುತ್ತಿದ್ದ. ತಿಂಗಳು ಮುಗಿಯುತ್ತಿತ್ತು... ಟಾರ್ಗೆಟ್ ಮಾತ್ರ ಮುಗಿಯುತ್ತಿರಲಿಲ್ಲ.

ಮಗಳು ಅಪ್ಪನ ಜೊತೆ ಊಟ ಮಾಡಬೇಕೆಂದು ಕಾದು, ಸೋಫಾದ ಮೇಲೆಯೇ ನಿದ್ದೆ ಹೋಗುತ್ತಿದ್ದಳು. ಅದೂ ಅಭ್ಯಾಸವಾಗಿತ್ತು ಆ ಮನೆಗೆ.

ಆ ದಿನ ಬೆಳಿಗ್ಗೆ ಏಳುವಾಗಲೇ ಎದೆ ಹಿಂಡಿದಂತಿತ್ತು. ಇವತ್ತೊಂದು ದಿನ ರಜೆ ಹಾಕಿ ಎಂದು ಶೈಲಜಾ ಅಂಗಲಾಚಿದಳು. ಗ್ಯಾಸ್ ಅಷ್ಟೇ ಕಣೆ ಎಂದು ಹೇಳಿ ಶೂ ಹಾಕಿಕೊಂಡು ಹೊರಟ.

ಯಾಕೆ ಗೊತ್ತಾ? ಅವತ್ತು ಬೆಂಗಳೂರಿನಿಂದ ಮ್ಯಾನೇಜರ್ ಬಂದಿದ್ದ. ದಿನವಿಡೀ ರೆಪ್‌ನ ಬೆನ್ನಿಗೆ ಅಂಟಿಕೊಂಡು ತಿರುಗಿ ಕೆಲಸ ನೋಡುವುದು ಅವನ ಡ್ಯೂಟಿ. ರಜೆ ಕೇಳಿದರೆ ಯಾವುದೋ ದೂರದ ಊರಿಗೆ ಎಸೆದುಬಿಡುತ್ತಾನೆ ಎಂಬ ಭಯ ನಾಗಭೂಷಣನಿಗೆ.

ಮಧ್ಯಾಹ್ನದ ಹೊತ್ತಿಗೆ ನೋವು ಎಡಗೈಗೆ ಇಳಿಯಿತು. ಅಷ್ಟರಲ್ಲಿ ಇಬ್ಬರೂ ಬಂದು ತಲುಪಿದ್ದು ಎಲ್ಲಿಗೆ ಅಂದುಕೊಂಡಿರಿ... ಹೃದಯದ ಡಾಕ್ಟರ ಕ್ಲಿನಿಕ್‌ಗೆ!

ಗೋಡೆಯ ಆಚೆಗೇ ಡಾಕ್ಟರು, ಇಸಿಜಿ ಮೆಷೀನು ಎಲ್ಲ ಇತ್ತು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆದರೆ ಪೇಷಂಟ್‌ಗಳೆಲ್ಲ ಮುಗಿದ ಮೇಲೆಯೇ ರೆಪ್‌ಗಳನ್ನು ಒಳಗೆ ಬಿಡುವುದು ಅಲ್ಲಿನ ಪದ್ಧತಿ. ರೆಪ್‌ಗಳಿಗೆಂದೇ ಬಾಗಿಲ ಪಕ್ಕ ಬೇರೆ ಬೆಂಚು. ನಾಗಭೂಷಣ ಬ್ಯಾಗ್ ಇಳಿಸಿ, ತುಟಿಪಿಟಕ್ ಎನ್ನದೆ ಆ ಬೆಂಚಿನಲ್ಲೇ ಕೂತ.

ಶರ್ಟು ಬೆವರಿನಲ್ಲಿ ತೊಯ್ದು ಹೋಗಿತ್ತು. ರಿಸೆಪ್ಷನ್ ಹುಡುಗಿ ಒಮ್ಮೆ ನೋಡಿದಳು... ಟೈ, ಬ್ಯಾಗ್ ಕಂಡಿತು. ಮುಖ ತಿರುಗಿಸಿದಳು. ಪಕ್ಕದಲ್ಲೇ ಕೂತಿದ್ದ ಮ್ಯಾನೇಜರ್ ಫೋನಿನಿಂದ ತಲೆ ಎತ್ತಲಿಲ್ಲ.

ಎದುರಿಗೆ ಗುಬ್ಬಿ ಕಡೆಯ ಹನುಮಕ್ಕ ಎಂಬ ಅಜ್ಜಿ ಕೂತಿದ್ದಳು. ಮುಂದಿನ ಸರದಿ ಅವಳದೇ. ಇವನ ಮುಖ ನೋಡಿ ಗಾಬರಿಯಾಗಿ, ನನ್ನ ಬದಲು ನೀನು ಹೋಗಪ್ಪ ಒಳಗೆ ಎಂದಳು.

ಅದಕ್ಕೆ ಇವನು ಕೊಟ್ಟ ಉತ್ತರ ಕೇಳಿ...

"ಪರವಾಗಿಲ್ಲಮ್ಮ... ನಾನು ಪೇಷಂಟ್ ಅಲ್ಲ, ರೆಪ್. ನಮ್ಮ ಸರದಿ ಆಮೇಲೆ."

ಹೊಟ್ಟೆ ಉರಿಯುತ್ತದೆ ಕಣ್ರೀ ಈ ಮಾತು ಕೇಳಿದರೆ! ಪ್ರಾಣ ಹೋಗುವ ಹೊತ್ತಿನಲ್ಲೂ ತನ್ನ ಸರದಿ ಆಮೇಲೆ ಎನ್ನುವಂತೆ ಒಬ್ಬ ಮನುಷ್ಯನನ್ನು ಪಳಗಿಸಿದ್ದು ಯಾರು?

ರೆಪ್ ಅಂದರೆ ಏನೆಂದು ಹನುಮಕ್ಕನಿಗೆ ಗೊತ್ತಿರಲಿಲ್ಲ. ಆದರೆ ಸಿಟ್ಟು ನೆತ್ತಿಗೇರಿತು.

"ರೆಪ್ಪೋ ಗಿಪ್ಪೋ ನಂಗೊತ್ತಿಲ್ಲ ಕಣಪ್ಪ. ನಿಂಗೂ ಎದೆ ಅನ್ನೋದು ಐತೋ ಇಲ್ವೋ? ಏಳು ಮ್ಯಾಕೆ."

ಅವನ ರಟ್ಟೆ ಹಿಡಿದು ಎಬ್ಬಿಸಿದಳು. ರಿಸೆಪ್ಷನ್ ಹುಡುಗಿ ತಡೆದಳು, ಅಜ್ಜಿ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಬಾಗಿಲು ತಳ್ಳಿಕೊಂಡೇ ಒಳಗೆ ನಡೆಸಿದಳು.

ಟೈ ಕಂಡ ಡಾಕ್ಟರು, ಇವತ್ತು ಟೈಮಿಲ್ಲ, ನಾಳೆ ಬನ್ನಿ ಎಂದು ಗೊಣಗಿದರು. ಆಮೇಲೆ ಮುಖ ನೋಡಿದರು... ಕುರ್ಚಿ ಹಿಂದಕ್ಕೆ ತಳ್ಳಿ ಓಡಿ ಬಂದರು.

ಇಸಿಜಿ ನೋಡಿ ಅವರ ಮುಖ ಬಿಳಿಚಿತು. ಮಾತ್ರೆ ಕೊಟ್ಟು, ಆಂಬುಲೆನ್ಸ್‌ಗೆ ಹೇಳಿ, ಸಿಟ್ಟಿನಿಂದಲೇ ಕೇಳಿದರು... ವಾರ ವಾರ ನನ್ನೆದುರು ಬಂದು ನಿಲ್ಲುತ್ತೀರಲ್ಲ, ಒಂದು ದಿನವಾದರೂ ಹೇಳಬಾರದಿತ್ತಾ?

"ನೀವು ಕೊಡೋದು ಎರಡು ನಿಮಿಷ ಸರ್... ಮಾತ್ರೆ ಹೆಸರು ಹೇಳೋಷ್ಟರಲ್ಲಿ ಮುಗಿದುಹೋಗುತ್ತೆ."

ಡಾಕ್ಟರು ತಾವೇ ಬಗ್ಗಿ ಅವನ ಟೈ ಸಡಿಲಿಸಿದರು.

ಆಗ ಮ್ಯಾನೇಜರ್ ಬಾಗಿಲಲ್ಲಿ ಇಣುಕಿದ. ಎಷ್ಟು ಹೊತ್ತಾಗುತ್ತೆ, ಇನ್ನೂ ನಾಲ್ಕು ಜನ ಡಾಕ್ಟರನ್ನು ನೋಡುವುದು ಬಾಕಿ ಇದೆಯಲ್ಲ ಎಂದು ಕೇಳಿದ. ಮನುಷ್ಯನಾ ಅವನು?

ಅದಕ್ಕಿಂತ ಕರುಳು ಹಿಂಡುವ ವಿಷಯ ಏನೆಂದರೆ... ಆ ಮಾತು ಕೇಳಿ ನಾಗಭೂಷಣ ಮಂಚದಿಂದ ಏಳಲು ನೋಡಿದ. ಕೈಯಲ್ಲಿ ತಡಕಾಡಿ ಬ್ಯಾಗ್ ಹುಡುಕಿದ.

ಡಾಕ್ಟರು ಅವನ ಭುಜ ಒತ್ತಿ ಮಲಗಿಸಿ, ಮ್ಯಾನೇಜರನ್ನು ಬಾಗಿಲಾಚೆ ಕಳಿಸಿದರು.

ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಸ್ವಲ್ಪ ತಡವಾಗಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಮರುದಿನ ಶೈಲಜಾ, ಮಗಳು ಮಂಚದ ಪಕ್ಕ ಬಂದು ಕೂತರು.

ಹೆಂಡತಿ ಅಳುತ್ತಾಳೆ ಎಂದುಕೊಂಡಿದ್ದ. ಅವಳು ಅಳಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಕೋಪ. ಸಮಾಧಾನ ಮಾಡಲು ಅವಳ ಕೈ ಹಿಡಿದು, ಇದೆಲ್ಲ ನಿಮಗೋಸ್ಕರ ತಾನೇ ಎಂದ.

"ನಮ್ಮ ಹೆಸರು ಹೇಳಬೇಡಿ," ಎಂದಳು ಶೈಲಜಾ. "ನಾವು ಕೇಳಿದ್ದು ನಿಮ್ಮನ್ನ. ನಿಮ್ಮೊಬ್ಬರನ್ನ ಬಿಟ್ಟು ಬಾಕಿ ಎಲ್ಲಾ ತಂದುಕೊಟ್ರಿ."

ನಾಗಭೂಷಣ ಮಗಳ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಕಂಪನಿಗೆ ಬೇಕಾದದ್ದು ನಿಮ್ಮ ಕೆಲಸ... ಮನೆಗೆ ಬೇಕಾದದ್ದು ನೀವು.

ಏನಿಲ್ಲ ಬಿಡು ಎಂದು ಹೇಳಿ ಇವತ್ತು ಬೆಳಿಗ್ಗೆ ಮನೆಯಿಂದ ಹೊರಟರಲ್ಲ... ನಿಜವಾಗಿಯೂ ಏನೂ ಇರಲಿಲ್ಲವೇ?